ಹೋತದ ವಾಸನೆ

ಹೋತದ ಕೋಡಿನ ಹಿಂದಿನ ಗ್ರಂಥಿಗಳಿಂದ ಒಸರುವ ಜಿಡ್ಡಿನ ವಾಸನೆ ಎಲ್ಲಿ ಬಂದರೂ, ಸಿಂದಗಿಯಿಂದ ಕನ್ನೊಳ್ಳಿಗೆ ಹೊರಟ ಒಂದು ಮಧ್ಯಾಹ್ನದ ಬಸ್ಸು ನೆನಪಾಗುತ್ತದೆ.

ನಾನಾಗ ಎರಡನೇ ತರಗತಿಯಲ್ಲಿದ್ದೆ. ಅತ್ತೆಯ ಮನೆಯ ಹೋತವನ್ನು ಬೆಳಗಿನಿಂದ ಅಪ್ಪಿಕೊಂಡು ಆಡಿ, ಅಪ್ಪನ ಅಪ್ಪ ಮುತ್ಯಾನ ಜೊತೆ ಊರಿಗೆ ಮರಳುತ್ತಿದ್ದೆ. ಬಸ್ಸು ತುಂಬಿತ್ತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಯವ್ವಾ, ಏನ್ ನಾತ! ಬಸ್ಸಿನ್ಯಾಗ ಯಾರರ ಹೋತ ಹತ್ತಿಸೀರೇನು?"

ಮುತ್ಯಾ ಒಮ್ಮೆ ನನ್ನತ್ತ ನೋಡಿ ಎದ್ದು ನಿಂತ.

"ನಂದ ಐತ್ರಿ ನಾತ. ಆಡು ಕಾಯೋ ಮೈ, ಬೆವರಿದ್ರ ಹಿಂಗ."

"ಹಂಗಾದ್ರ ಹೋತಕ್ಕೂ ಒಂದ್ ಟಿಕೇಟ್ ತಗೋ, ಯಜ್ಜಾ," ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ನಾನೂ ಮೂಗು ಹಿಡಿದು ನಕ್ಕೆ. ಮುತ್ಯಾ ಊರು ಬರುವವರೆಗೂ ಬಾಗಿಲ ಬಳಿಯೇ ನಿಂತಿದ್ದ.

ಮನೆ ಮುಟ್ಟಿದ ಕೂಡಲೇ ಅವ್ವನಿಗೆ ವರದಿ ಒಪ್ಪಿಸಿದೆ: "ಯವ್ವಾ, ಮುತ್ಯಾ ಬಸ್ಸಿನ್ಯಾಗ ಹೋತದಂಗ ನಾರಿದ!"

ಅವ್ವ ನನ್ನ ಫ್ರಾಕು ಬಿಚ್ಚಿದಳು. ಎದೆಯ ಭಾಗ ಅಂಟಂಟಾಗಿತ್ತು. ಅದನ್ನು ಮೂಸಿ, ಮುತ್ಯಾನ ಕಡೆ ತಿರುಗಿದಳು.

"ಮಾವಾರ, ನಾತ ಈಕಿ ಫ್ರಾಕಿಂದ್ರಿ. ನೀವ್ಯಾಕ..."

"ಸುಮ್ನಿರವ್ವಾ," ಎಂದ ಮುತ್ಯಾ ತಗ್ಗಿದ ದನಿಯಲ್ಲಿ. "ಹುಡುಗಿ ಕೇಳಾಕತ್ತಾಳ."