ಸರ್ಕಲ್‌ನಿಂದಲೇ ಕೇಳಬೇಕು

ಕಾರಿನ ಜೊತೆ ಬಂದ ಸ್ಟೀರಿಯೋ ಸಾಲದೆ ಚಿದಂಬರ ಡಿಕ್ಕಿಯಲ್ಲಿ ಸಬ್‌ವೂಫರ್, ಸೀಟಿನಡಿ ಆಂಪ್ಲಿಫೈಯರ್ ಹಾಕಿಸಿದ. ಮೆಚ್ಚಿದವರು ಅಮ್ಮ ಒಬ್ಬರೇ.

“ಗೋಡೆ ನಡುಗುತ್ತೆ ರೀ,” ಎಂದು ಹೆಂಡತಿ ರೇಗಿದಳು.

“ನಡುಗಲಿ ಬಿಡೇ! ಇನ್ನೂ ಸ್ವಲ್ಪ ಜೋರಾಗಿಡು ಮಗನೇ. ನೀನು ಬರೋದು ಸರ್ಕಲ್‌ನಿಂದಲೇ ಕೇಳಬೇಕು,” ಎಂದರು ಅಮ್ಮ.

ಅವನ ಎದೆ ಉಬ್ಬಿತು. ಇದ್ದ ಚಿಂತೆ ಒಂದೇ: ಅವನು ಮನೆಯಲ್ಲಿ ಸಿಹಿಯನ್ನೇ ನಿಷೇಧಿಸಿದ್ದರೂ ಅಮ್ಮನ ಶುಗರ್ ಇಳಿಯುತ್ತಿರಲಿಲ್ಲ. ಡಾಕ್ಟರೂ ಮಾತ್ರೆ ಬದಲಿಸಿ ಬದಲಿಸಿ ಸೋತು, ಇನ್ನು ಇನ್ಸುಲಿನ್ನೇ ಗತಿ ಎಂದಿದ್ದರು.

ಒಂದು ಸಂಜೆ ದಾರಿಯಲ್ಲಿ ಆಂಪ್ಲಿಫೈಯರ್‌ನ ಫ್ಯೂಸ್ ಹೋಯಿತು. ಚಿದಂಬರ ಸದ್ದಿಲ್ಲದೆ ಮನೆಗೆ ಬಂದು ಬಾಗಿಲು ತೆರೆದ. ಅಮ್ಮನ ಬಾಯಲ್ಲೊಂದು ಜಾಮೂನು, ಕೈಯಲ್ಲೊಂದು.

ಬಾಯಲ್ಲಿದ್ದುದನ್ನು ನುಂಗಿ ಅಮ್ಮ ಗದರಿದರು: “ಹೀಗೆ ಕಳ್ಳನ ಥರ ಬರ್ತಾರೇನೋ? ಮೊದಲು ಹೋಗಿ ಅದನ್ನ ರಿಪೇರಿ ಮಾಡಿಸು!”