ಐದೂವರೆ ಗಂಟೆ ಹಿಂದೆ

ಕಂಪ್ಯೂಟರಿನ ಗಡಿಯಾರ ಮತ್ತೆ ಐದೂವರೆ ಗಂಟೆ ಹಿಂದಿತ್ತು.

ಸುಧೀರ ಕೈಗಡಿಯಾರ ನೋಡಿಕೊಂಡ. ಸಂಜೆ ಏಳು. ಪರದೆಯ ಮೂಲೆಯಲ್ಲಿ ಮಧ್ಯಾಹ್ನ ಒಂದೂವರೆ. ನಿನ್ನೆ ಸರಿಪಡಿಸಿದ್ದ, ಮೊನ್ನೆಯೂ. ಅವನು ದಿನವಿಡೀ ಮನೆಯಲ್ಲಿದ್ದ ಭಾನುವಾರ ಮಾತ್ರ ಅದು ಸರಿಯಾಗಿ ನಡೆದಿತ್ತು.

ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಎರಡು ವರ್ಷದ ಹಿಂದೆ ಧಾರವಾಡದಿಂದ ಬ್ಯಾಂಕಿನ ನಾಸಿಕ್ ಶಾಖೆಗೆ ವರ್ಗವಾಗಿ ಬಂದ ಹೊಸತರಲ್ಲಿ, ಹೆಂಡತಿ ಮೃಣಾಲಿನಿ ಇದೇ ಕಂಪ್ಯೂಟರಿನಲ್ಲಿ ಔರಂಗಾಬಾದಿನ ಒಂದು ಕಾಲೇಜಿಗೆ ಕೆಲಸದ ಅರ್ಜಿ ತುಂಬುತ್ತಿದ್ದಳು. ಅವಳು ಬೆಳೆದ ಊರು ಅದು. ಸುಧೀರ ಅರ್ಜಿ ಅಳಿಸಿದ, ಪಾಸ್‌ವರ್ಡ್ ಹಾಕಿದ. ಅವಳು ಜಗಳವಾಡಲಿಲ್ಲ. ಆಗ ಅದು ಅವನಿಗೆ ಹಿತವಾಗಿತ್ತು. ಈಗ ಅದೇ ಕೊರೆಯುತ್ತಿತ್ತು.

"ಚಹಾ ಆರತದ, ಕುಡೀರಿ," ಎಂದು ಮೃಣಾಲಿನಿ ಕಪ್ಪು ಇಟ್ಟಳು. "ಆ ಡಬ್ಬಿ ಎಲ್ಲೀನೂ ಓಡಿ ಹೋಗೂದಿಲ್ಲ."

"ನೀ ಇದನ್ನ ಮುಟ್ಟಿದ್ದೇನು?"

"ನಿಮ್ಮ ಪಾಸ್‌ವರ್ಡ್ ನನಗೆಲ್ಲಿ ಗೊತ್ತದ್ರೀ?"

ಅವಳು ಒಳಗೆ ಹೋದ ಮೇಲೆ, ಅದು ಉತ್ತರವಲ್ಲ ಎಂದು ಅವನಿಗೆ ಹೊಳೆಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಕನ್ನಡಿಗರ ಒಂದು ಕಂಪ್ಯೂಟರ್ ವೇದಿಕೆ ಸಿಕ್ಕಿತು. ಸುಧೀರ 'ನಾಸಿಕ್‌ವಾಸಿ' ಎಂಬ ಹೆಸರಿನಲ್ಲಿ ಸೇರಿ ಪ್ರಶ್ನೆ ಹಾಕಿದ. ಮರುದಿನ ಬ್ಯಾಂಕಿನಿಂದ ಬರುವಷ್ಟರಲ್ಲಿ ಉತ್ತರ ಕಾದಿತ್ತು. ಬರೆದವರ ಹೆಸರು 'ದೇವಗಿರಿ', ಊರು ಔರಂಗಾಬಾದ್, ಅದುವರೆಗೆ ಕೊಟ್ಟ ಉತ್ತರಗಳು ಒಂದು ಸಾವಿರದ ಇನ್ನೂರು.

'ಯಾರೋ ಸಿಡಿ ಹಾಕಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯನ್ನು ನಡೆಸುತ್ತಿದ್ದಾರೆ. ಅದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಅದು ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸಿಡುತ್ತದೆ. ನಿಮ್ಮ ಐದೂವರೆ ಗಂಟೆ ಹೋಗುತ್ತಿರುವುದು ಅಲ್ಲಿಗೆ. ಸಿಡಿ ಮನೆಯಲ್ಲೇ ಇರುತ್ತದೆ. ನೀವು ಎಂದೂ ಕೈ ಹಾಕದ ಜಾಗದಲ್ಲಿ ನೋಡಿ.'

ಸುಧೀರ ಅಡುಗೆಮನೆಗೆ ಹೋದ. ಮೃಣಾಲಿನಿ ತರಕಾರಿಗೆ ಹೋಗಿದ್ದಳು. ಆರನೆಯ ಡಬ್ಬಿಯಲ್ಲಿ, ಶಾವಿಗೆಯ ಕೆಳಗೆ, ಸಿಡಿ ಇತ್ತು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಫೋನ್ ನಂಬರು. ಮೊದಲ ಅಂಕಿಗಳು 0240. ಔರಂಗಾಬಾದ್.

ಮರುದಿನ ಬ್ಯಾಂಕಿನಿಂದ ಆ ನಂಬರಿಗೆ ಫೋನ್ ಮಾಡಿದ. "ಹಾಂ, ಬೋಲಾ," ಎಂದಿತು ಮರಾಠಿಯಲ್ಲಿ ಒಂದು ಗಂಡಸಿನ ದನಿ. ಸುಧೀರ ಫೋನ್ ಇಟ್ಟುಬಿಟ್ಟ.

ಅವನಿಗೆ ಈಗ ಪುರಾವೆ ಬೇಕಿತ್ತು. ಪುರಾವೆ ಸಿಕ್ಕ ದಿನವೇ ಅವಳನ್ನು ತವರಿಗೆ ಕಳಿಸುವುದೆಂದು ನಿಶ್ಚಯಿಸಿದ. ಸಿಡಿಯ ನಕಲು ಮಾಡಿಸಿ, ಮೂಲವನ್ನು ಶಾವಿಗೆಯಡಿ ಇಟ್ಟ. ನಕಲು ಹಾಕಿದರೆ ಕಂದು ಬಣ್ಣದ ಪರದೆ ಬಂತು. ಪರಿಚಿತವಾದದ್ದು ಒಂದೂ ಇಲ್ಲ.

ದೇವಗಿರಿಗೆ ಬರೆದ: 'ಸರ್, ಇದರಲ್ಲಿ ಸಿ ಡ್ರೈವ್ ಎಲ್ಲಿದೆ?'

'ಇಲ್ಲಿ ಸಿ ಡ್ರೈವ್ ಇಲ್ಲ. ನೀವು ಬೇರೆಯವರ ಮನೆಗೆ ಬಂದಿದ್ದೀರಿ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ.'

ಸುಧೀರ ಕಲಿಯತೊಡಗಿದ. ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಉತ್ತರ. ಎಲ್ಲ ಉತ್ತರಗಳೂ ಹನ್ನೊಂದರಿಂದ ನಾಲ್ಕರೊಳಗೆ ಬರೆದಂಥವು. ಕಚೇರಿಯಲ್ಲಿ ಕುಳಿತು ಪುಕ್ಕಟೆ ಇಂಟರ್ನೆಟ್ ಬಳಸುವ ಯಾವನೋ ಸರ್ಕಾರಿ ನೌಕರ ಎಂದುಕೊಂಡ. ಮನುಷ್ಯ ಮಾತ್ರ ತಾಳ್ಮೆಯವನು. ಮೂರನೆಯ ವಾರಕ್ಕೆ ಸುಧೀರ ಹೆಂಡತಿಗೆ ಎಂದೂ ಹೇಳದಷ್ಟನ್ನು ಅವನಿಗೆ ಹೇಳಿಬಿಟ್ಟಿದ್ದ.

'ಸರ್, ನನ್ನ ಹೆಂಡತಿ ಈ ಸಿಡಿಯಲ್ಲಿ ಏನು ಬರೆಯುತ್ತಾಳೆಂದು ನೋಡುವುದು ಹೇಗೆ? ನಿಮ್ಮ ಊರಿನ ಒಬ್ಬ ಗಂಡಸಿನ ನಂಬರು ಸಿಕ್ಕಿದೆ. ನಿಜವಾಗಿ ಅವಳಿಗೆ ಮೌಸ್ ಸರಿಯಾಗಿ ಹಿಡಿಯಲೂ ಬರುವುದಿಲ್ಲ.'

'ನೋಡಲಾಗದು. ಸಿಡಿ ತೆಗೆದೊಡನೆ ಎಲ್ಲ ಅಳಿಸಿಹೋಗುತ್ತದೆ. ಆ ನಂಬರಿಗೆ ಇನ್ನೊಮ್ಮೆ ಫೋನ್ ಮಾಡಿ, ಈ ಸಲ ಮಾತಾಡಿ. ಅಂದ ಹಾಗೆ, ನಿಮ್ಮ ಹೆಂಡತಿಯನ್ನೇ ಕೇಳಿದ್ದೀರಾ?'

'ಕೇಳುವುದೇನಿದೆ? ಅವಳು ಮುಟ್ಟಬಾರದೆಂದೇ ಪಾಸ್‌ವರ್ಡ್ ಹಾಕಿದ್ದು.'

ಆ ದಿನ ಉತ್ತರ ತಡವಾಯಿತು. ಬಂದದ್ದು ನಾಲ್ಕೇ ವಾಕ್ಯ. 'ನಿಮ್ಮ ಮೊದಲ ಪ್ರಶ್ನೆ ಗಡಿಯಾರದ್ದು. ಅದಕ್ಕೆ ಉತ್ತರ ಸಿಕ್ಕಿ ತಿಂಗಳಾಯಿತು. ಉತ್ತರ ಸಿಕ್ಕ ಮೇಲೆ ಕೇಳಿದವರೇ "ಬಗೆಹರಿದಿದೆ" ಎಂದು ಗುರುತು ಹಾಕಬೇಕು. ಇದು ಇಲ್ಲಿಯ ಪದ್ಧತಿ.'

ಸುಧೀರ ಬರೆದ: 'ಅವಳು ಸಿಕ್ಕಿಬಿದ್ದ ಮೇಲೆ ಹಾಕುತ್ತೇನೆ.'

ಅಷ್ಟರಲ್ಲಿ ಮೃಣಾಲಿನಿ ಬಾಗಿಲಲ್ಲಿ ನಿಂತಿದ್ದಳು. ಅವನು ಗಡಬಡಿಸಿ ಪರದೆ ಆರಿಸಿದ.

"ಯಾಕ್ರೀ, ಕತ್ತಲಿ ನೋಡಕೋತ ಕೂತೀರಿ?"

"ನಿನಗ ತಿಳಿಯೂದಿಲ್ಲ ಬಿಡು."

"ಹೌದ್ರಿ," ಎಂದಳು. "ನನಗೇನ್ ತಿಳೀತದ."

ಸೋಮವಾರ ಬೆಳಿಗ್ಗೆ ಅವನು ಟೈ ಕಟ್ಟುತ್ತಿದ್ದಾಗ ಅವಳು ಚೀಲ ಹಿಡಿದು ಹೊರಗೆ ಬಂದಳು. ಇಸ್ತ್ರಿ ಮಾಡಿದ ಹತ್ತಿಯ ಸೀರೆ. ಕೈಯಲ್ಲಿ ಶಾವಿಗೆ ಡಬ್ಬಿಯ ಸಿಡಿ, ಬಚ್ಚಿಡದೆ.

"ಎಲ್ಲಿಗೆ?"

"ಔರಂಗಾಬಾದಿಗೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ್ಯಾಗ ಕೆಲಸ ಸಿಕ್ಕದ. ಎಂಟರ ಬಸ್ಸಿಗೆ ಹೊಂಟೀನಿ, ಶನಿವಾರ ಸಂಜಿಗೆ ಬರತೀನಿ. ಹುಳಿ ಮಾಡಿಟ್ಟೀನಿ, ಅನ್ನ ನೀವು ಮಾಡಕೋರಿ."

"ಯಾರನ್ನ ಕೇಳಿ?"

"ಎರಡು ವರ್ಷದ ಹಿಂದ ಕೇಳಿದ್ದೆ. ನೀವು ಅಳಿಸಿದ್ರಿ."

"ಮತ್ತ ಆ ಗಂಡಸು? ಆ ಫೋನ್ ನಂಬರು?"

"ಕಾಲೇಜಿನ ಹೆಡ್ ಕ್ಲಾರ್ಕು. ಯಾರೋ ಫೋನ್ ಮಾಡಿ ಮಾತಾಡದ ಇಟ್ರು ಅಂತ ಬೈಲಿಕ್ಕತ್ತಿದ್ರು."

ಸುಧೀರ ನಗಲು ನೋಡಿದ. "ಲ್ಯಾಬಿನ್ಯಾಗ ಏನ್ ಕಲಿಸ್ತೀ? ಮೌಸ್ ಸರಿಯಾಗಿ ಹಿಡೀಲಿಕ್ಕೆ ಬರೂದಿಲ್ಲ ನಿನಗ!"

ಮೃಣಾಲಿನಿ ಹೊಸ್ತಿಲ ಆಚೆ ನಿಂತು ಚಪ್ಪಲಿ ಮೆಟ್ಟಿದಳು. ಅವನನ್ನು ನೇರವಾಗಿ ನೋಡಿದಳು.

"ನಾ ಸಿಕ್ಕಿಬಿದ್ದೆ ನೋಡ್ರಿ. ಇನ್ನಾದ್ರೂ ಆ ಗಡಿಯಾರದ ಪ್ರಶ್ನೆಗೆ 'ಬಗೆಹರಿದಿದೆ' ಅಂತ ಗುರುತು ಹಾಕ್ರಿ."