ಸೋಮವಾರದ ಬೆಳ್ಳುಳ್ಳಿ ಎಣ್ಣೆ

ಯಾವ ಔಷಧಿಗೂ ಬಗ್ಗದ ಕಿವಿಸೋರು ನಾಯಿಗಳಿಂದ ಮನುಷ್ಯರಿಗೂ ಹಬ್ಬತೊಡಗಿದ ಮೇಲೆ, ಗದುಗಿನ ಓಣಿಗಳಲ್ಲಿ ನಗರಸಭೆಯವರು ಸೋಮವಾರಕ್ಕೊಮ್ಮೆ ನಾಯಿಗಳ ಕಿವಿ ಮೂಸಿ ನೋಡುತ್ತಿದ್ದರು. ನಾತ ಬಂದರೆ ನಾಯಿಯನ್ನು ಒಯ್ಯುತ್ತಿದ್ದರು, ಮರಳಿ ತರುತ್ತಿರಲಿಲ್ಲ.

ಆ ಬೆಳಿಗ್ಗೆ ತಮ್ಮ ನಾಯಿ ಕಾಳ್ಯಾ ತಲೆ ಕೊಡವುವುದನ್ನು ಕಂಡ ದ್ರಾಕ್ಷಾಯಣಿ, ಅದರ ಕಿವಿಯನ್ನು ಹತ್ತಿಯಿಂದ ಒರೆಸಿ ಬೆಳ್ಳುಳ್ಳಿ ಎಣ್ಣೆ ಹಾಕಿದ್ದಳು.

ಕಿವಿ ನೋಡಲು ಬಂದ ಹಸೀನಾ ಮೂಸಿದವಳೇ ತಲೆಯೆತ್ತಿದಳು. “ಎಣ್ಣಿ ಯಾಕ ಹಾಕೀರಿ, ಅಕ್ಕಾರ? ನಾತ ಮುಚ್ಚಾಕೇನು?”

“ಇಲ್ರೀ. ನಮ್ಮನ್ಯಾಗ ಸೋಮವಾರ ಎಲ್ಲಾರ ಕಿವಿಗೂ ಹಾಕ್ತೀವಿ.”

“ಹಂಗಾರ ಮಗಳನ್ನ ಕರೀರಿ, ನೋಡೂಣು.”

ದ್ರಾಕ್ಷಾಯಣಿ ಮಗಳ ಕಿವಿಗೆ ಎಂದೂ ಎಣ್ಣೆ ಹಾಕಿರಲಿಲ್ಲ. ಅವಳು ಕರೆಯುವ ಮೊದಲೇ, ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಶಿವಲೀಲಾ ನಗುತ್ತ ಓಡಿಬಂದಳು. ಮಗಳ ಕಿವಿಯಿಂದ ಎಣ್ಣೆ ಇಳಿಯುತ್ತಿತ್ತು. ಬೆರಳುಗಳ ನಡುವೆ, ಕಾಳ್ಯಾನ ಕಿವಿ ಒರೆಸಿ ಇಟ್ಟಿದ್ದ ಹತ್ತಿ ಈಗ ಎಣ್ಣೆಯಲ್ಲಿ ತೊಯ್ದಿತ್ತು.